ಗಲ್ಫ್ ಮೆಡಿಕಲ್‌ಗೆ ಮೊದಲು

ಪುಟ್ಟಾ,

ನಿನ್ನ ಅಮ್ಮ ಮೊನ್ನೆ ಫೋನ್ ಮಾಡಿದ್ದಳು. ಬಲಗಡೆ ಪಕ್ಕೆಲುಬಿನ ಕೆಳಗೆ ಆಗಾಗ ಒತ್ತಿ ನೋಡಿಕೊಳ್ಳುತ್ತೀಯಂತೆ. ಕನ್ನಡಿ ಮುಂದೆ ನಿಂತು ಕಣ್ಣರೆಪ್ಪೆ ಎಳೆದು ಹಳದಿ ಹುಡುಕುತ್ತೀಯಂತೆ. ಇಷ್ಟು ಹೆದರಿಕೆ ಇದ್ದವನು ಪರೀಕ್ಷೆಗೆ ಹೋಗಿದ್ದಾನಾ ಎಂದು ಕೇಳಿದರೆ, ಇಲ್ಲ. ಒಂದು ತಿಂಗಳು ಬಾಟಲಿ ಮುಟ್ಟದೆ, ನೆಲನೆಲ್ಲಿ ಕಷಾಯ ಕುಡಿದು, ರಕ್ತ ‘ಕ್ಲೀನ್’ ಮಾಡಿಕೊಂಡು ಸೀದಾ ಗಲ್ಫ್ ಕೆಲಸಕ್ಕೆ ಬೇಕಾದ ಮೆಡಿಕಲ್ ಪರೀಕ್ಷೆಗೆ ಹೋಗುವ ಉಪಾಯವಂತೆ. ಗಲ್ಫ್‌ನಲ್ಲಿ ಕುಡಿಯಲಿಕ್ಕೆ ಸಿಗುವುದಿಲ್ಲ, ತಾನಾಗಿ ಬಿಟ್ಟುಹೋಗುತ್ತದೆ ಎಂದು ಅವಳೂ ನಂಬಿ ಕೂತಿದ್ದಾಳೆ. ನನಗೆ ಸಿಟ್ಟೇ ಬಂತು. ಗಂಡಸರ ವಾರ್ಡಿನಲ್ಲಿ ನರ್ಸಾಗಿ ಆಯುಷ್ಯ ಕಳೆದ ನಾನೊಬ್ಬಳು ಬದುಕಿರುವಾಗ ಈ ಉಪಾಯ ನಿಮಗೆ ಹೇಳಿಕೊಟ್ಟವರು ಯಾರು? ಈ ಲೆಕ್ಕ ಹಾಕುತ್ತಿರುವ ಹುಡುಗ ಮಂಗಳೂರಿನಲ್ಲಿ ನೀನೊಬ್ಬನೇ ಅಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ, ಹೆದರಬೇಡ.

ನಿನ್ನ ದೊಡ್ಡ ಮಾವನನ್ನು, ಅಂದರೆ ನನ್ನ ಅಣ್ಣನನ್ನು, ನೀನು ಗೋಡೆಯ ಫೋಟೋದಲ್ಲಿ ಮಾತ್ರ ಕಂಡದ್ದು. ಅವನಿಗೆ ಹಂಚಿನ ಕಾರ್ಖಾನೆಯಲ್ಲಿ ಕೆಲಸ. ದಿನವಿಡೀ ಭಟ್ಟಿಯ ಸೆಕೆ, ಸಂಜೆ ಮನೆ ದಾರಿಯಲ್ಲೇ ಗಡಂಗು. ಮೈಕೈ ನೋವಿಗೆ ಎಂದು ಶುರುವಾದ ಸಾರಾಯಿ. ಒಂದು ಮಳೆಗಾಲದಲ್ಲಿ ಕಣ್ಣು ಹಳದಿಯಾಯಿತು. ನಿನ್ನ ಅಜ್ಜಿ ಅವನನ್ನು ಕಾಮಾಲೆಗೆ ಮದ್ದು ಕೊಡುವವರ ಮನೆಗೆ ಕರೆದುಕೊಂಡು ಹೋದಳು. ಹಾಲಿನಲ್ಲಿ ಅರೆದ ಸೊಪ್ಪು, ಉಪ್ಪು-ಹುಳಿ-ಎಣ್ಣೆ ಇಲ್ಲದ ಪಥ್ಯ. ಕಾಮಾಲೆ ಇಳಿಯಿತು ಕೂಡ! ಪಥ್ಯದ ಅಷ್ಟೂ ದಿನ ಅವನು ಕುಡಿಯಲಿಲ್ಲ ನೋಡು. ಇಳಿದದ್ದು ಕುಡಿತ ನಿಂತದ್ದಕ್ಕೆ, ಹೆಸರು ಬಂದದ್ದು ಸೊಪ್ಪಿಗೆ. ಮದ್ದು ಉಂಟಲ್ಲ ಎಂಬ ಧೈರ್ಯದಲ್ಲಿ ಅಣ್ಣ ಮತ್ತೆ ಗಡಂಗು ಹತ್ತಿದ.

ಕಾಲು ಬಾತು, ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಆಸ್ಪತ್ರೆಗೆ ಬಂದ. ಎಷ್ಟು ಕುಡಿಯುತ್ತೀರಿ ಎಂದು ಡಾಕ್ಟರು ಕೇಳಿದರೆ, “ಹಬ್ಬಕ್ಕೆ ಸ್ವಲ್ಪ” ಎಂದ. ನಾನು ಹಿಂದೆ ನಿಂತು ಅಲ್ಲ ಅಲ್ಲ ಎಂದು ಕೈ ಆಡಿಸುತ್ತಿದ್ದೆ. ಡಾಕ್ಟರು ನನ್ನ ಕೈ ನೋಡಿ ಬರೆದುಕೊಂಡರು. ಅಣ್ಣ ಆ ವಾರವಿಡೀ ನನ್ನೊಡನೆ ಮಾತಾಡಲಿಲ್ಲ. ಗಟ್ಟಿಯಾದ ಲಿವರಿನೊಳಗೆ ರಕ್ತ ಹರಿಯಲಾರದೆ ಅನ್ನನಾಳದ ರಕ್ತನಾಳಗಳು ಉಬ್ಬುತ್ತವೆ, ಒಂದು ದಿನ ಒಡೆಯಲೂಬಹುದು. ಅವನದು ರಾತ್ರಿ ಪಾಳಿಯಲ್ಲಿ ಒಡೆಯಿತು. ಆ ರಕ್ತ ಹಿಡಿದ ಬೇಸಿನ್ ನನ್ನ ಕೈಯಲ್ಲೇ ಇತ್ತು. ಅವನಿಗೆ 45 ದಾಟಿರಲಿಲ್ಲ.

ಸಾರಾಯಿ ಕಾಲ ಮುಗಿಯಿತಲ್ಲ ಎನ್ನಬೇಡ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು, ನಿಜ. ಪ್ಯಾಕೆಟ್ ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿ ಬಂದವು. ಲಿವರ್ ಲೇಬಲ್ ಓದುವುದಿಲ್ಲ. ನೀವು ಹೇಳುವ ಒಂದು ಕ್ವಾರ್ಟರ್‌ನಲ್ಲಿ, ಅಂದರೆ 180 ಮಿ.ಲೀ. ವಿಸ್ಕಿಯಲ್ಲಿ, ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. “ಬಿಯರ್ ಮಾತ್ರ ದೊಡ್ಡಮ್ಮ” ಎನ್ನುತ್ತಿದ್ದೆಯಲ್ಲ? ದೊಡ್ಡ ಬಾಟಲಿ ಸ್ಟ್ರಾಂಗ್ ಬಿಯರ್ ಎರಡು ಕುಡಿದರೆ ಕ್ವಾರ್ಟರ್‌ಗಿಂತ ಹೆಚ್ಚೇ ಒಳಗೆ ಹೋಗುತ್ತದೆ. ಅದರ ಮೇಲೆ ಆ ಪುಡಿ, ಆ ಮಾತ್ರೆ. ನನಗೆ ಗೊತ್ತಿಲ್ಲ ಎಂದುಕೊಂಡಿದ್ದೀಯಾ? ಎಂಡಿಎಂಎ ಕೂಡ ಕೆಲವರ ಲಿವರನ್ನು ದಿಢೀರನೆ ಕೆಡಿಸುತ್ತದೆ.

ಇನ್ನೊಬ್ಬನ ಕತೆ ಹೇಳಬೇಕು. ಬಂದರು ಧಕ್ಕೆಯ ಮೀನುಗಾರ, ಆನೆಯಂಥ ಆಳು. ಅಯ್ಯಪ್ಪನ ಮಾಲೆ ಹಾಕಿದ ದಿನವೇ ಕುಡಿತ ನಿಲ್ಲಿಸಿದ. ಮಾರನೆಯ ದಿನ ಫಿಟ್ಸ್ ಬಂತು, ವಾರ್ಡಿಗೆ ತಂದರು. ಮೂರನೆಯ ರಾತ್ರಿ ಮಂಚದ ಮೇಲೆ ಕೂತು, ಇಲ್ಲದ ಬಲೆಯನ್ನು ಎರಡೂ ಕೈಯಲ್ಲಿ ಎಳೆಯುತ್ತಿದ್ದ. ಪಕ್ಕದ ಮಂಚದವನಿಗೆ “ಹಿಡಿ, ಹಿಡಿ” ಎಂದು ಬೊಬ್ಬೆ ಹೊಡೆಯುತ್ತಿದ್ದ. ದಿನಾ ಜೋರಾಗಿ ಕುಡಿಯುವವರು ಒಮ್ಮೆಗೇ ಬಿಟ್ಟರೆ ಎರಡು-ಮೂರು ದಿನದೊಳಗೆ ಹೀಗಾಗಬಹುದು, ಜೀವವೂ ಹೋಗಬಹುದು. ವೈದ್ಯರ ಕಣ್ಣೆದುರು, ಮಾತ್ರೆ ಮತ್ತು ಥಯಮಿನ್ ಇಂಜೆಕ್ಷನ್ ಕೊಟ್ಟು ಬಿಡಿಸಿದರೆ ಈ ಅಪಾಯ ಬಹಳ ಕಡಿಮೆ. ಆ ಮನುಷ್ಯ ಬದುಕಿದ. ಮತ್ತೆ ಕುಡಿಯಲಿಲ್ಲ. ನಾನು ನಿವೃತ್ತಳಾದ ಮೇಲೂ ಬಂದರಿನಲ್ಲಿ ಕಂಡಾಗ “ಸಿಸ್ಟರೇ” ಎಂದು ಕರೆದು ಒಳ್ಳೆಯ ಬಂಗುಡೆ ಆರಿಸಿ ಕೊಡುತ್ತಿದ್ದ. ಮಾಲೆ ಹಾಕಿ 41 ದಿನ ಬಿಟ್ಟವರನ್ನೂ, ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಬಿಟ್ಟವರನ್ನೂ ಬೇಕಾದಷ್ಟು ನೋಡಿದ್ದೇನೆ. ದಿನ ಲೆಕ್ಕ ಹಾಕಿ ಬಿಟ್ಟವರಲ್ಲಿ ಹೆಚ್ಚಿನವರು ಲೆಕ್ಕ ಮುಗಿದ ಸಂಜೆಯೇ ಕೂತರು. ನಿನ್ನ ಮೆಡಿಕಲ್‌ನ ಒಂದು ತಿಂಗಳು ಅದೇ ಲೆಕ್ಕ.

ಗಲ್ಫ್‌ಗೆ ಹೋಗಬೇಡ ಎಂದು ನಾನು ಹೇಳುವುದಿಲ್ಲ. ನಮ್ಮ ಊರಿನ ಎಷ್ಟೋ ಮನೆಗಳ ತಾರಸಿ ಎದ್ದದ್ದು ಆ ಹಣದಿಂದ. ನಿನ್ನ ತಂಗಿಯ ಮದುವೆಯೂ ತಲೆಯ ಮೇಲೆ ಉಂಟು. ನಿರ್ಧಾರ ನಿನ್ನದು. ಆದರೆ ಅಲ್ಲಿ ಸಿಗುವುದಿಲ್ಲ ಎಂಬ ಮಾತು ಮಾತ್ರ ನನ್ನೆದುರು ಬೇಡ. ಕುಡಿತ ನಿಷೇಧವಿರುವ ಕುವೈತ್‌ನಲ್ಲೇ 2025ರ ಆಗಸ್ಟ್‌ನಲ್ಲಿ ಮಿಥನಾಲ್ ಬೆರೆತ ಕಳ್ಳ ಮದ್ಯಕ್ಕೆ 23 ಮಂದಿ ಸತ್ತರು. ಸಿಗದೇ ಹೋದರೂ, ಕೈ ನಡುಗುವ ಆ ಮೂರನೆಯ ರಾತ್ರಿ ಕ್ಯಾಂಪಿನ ಕೋಣೆಯಲ್ಲಿ ನಿನ್ನನ್ನು ಹಿಡಿದುಕೊಳ್ಳುವವರು ಯಾರು? ಇನ್ನು ಮೆಡಿಕಲ್‌ನಲ್ಲಿ ಹೆಪಟೈಟಿಸ್ ಬಿ, ಸಿ ಎರಡನ್ನೂ ನೋಡುತ್ತಾರೆ. ಸೂಜಿ ಹಂಚಿಕೊಂಡು ಸೋಂಕು ಬಂದಿದ್ದರೆ ಯಾವ ಕಷಾಯವೂ ಅದನ್ನು ಅಡಗಿಸುವುದಿಲ್ಲ. ಸಿ ಇದ್ದರೆ ಸಾಮಾನ್ಯವಾಗಿ 12 ವಾರದ ಮಾತ್ರೆಯಲ್ಲಿ ನೂರಕ್ಕೆ 95ರಷ್ಟು ಮಂದಿಗೆ ಗುಣವಾಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಆ ಮಾತ್ರೆ ಉಚಿತ. ನಮ್ಮ ವೆನ್ಲಾಕ್ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಮೊದಲೇ ಇಲ್ಲಿ ತಿಳಿದುಕೊಂಡು ಮದ್ದು ಶುರುಮಾಡುವುದೋ, ಏನೂ ಗೊತ್ತಿಲ್ಲದೆ ಏಜೆಂಟನ ಎದುರು ‘ಅನ್‌ಫಿಟ್’ ಎನಿಸಿಕೊಳ್ಳುವುದೋ, ನೀನೇ ನೋಡು.

ಲಿವರ್ ಒಳಗೊಳಗೇ ಕೆಡುತ್ತದೆ, ನೋವು ಕಡಿಮೆ. ನೀನು ಒತ್ತಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಎಲ್‌ಎಫ್‌ಟಿ ಎಂಬ ಲಿವರಿನ ರಕ್ತಪರೀಕ್ಷೆ ಒಂದೇ ಸಾಲದು. ಸಿರೋಸಿಸ್ ಇದ್ದವರಲ್ಲೂ, ಅಂದರೆ ಲಿವರ್ ಗಟ್ಟಿಯಾದವರಲ್ಲೂ, ಅದು ಹೆಚ್ಚು-ಕಡಿಮೆ ನಾರ್ಮಲ್ ಬಂದದ್ದುಂಟು. ಪ್ಲೇಟ್‌ಲೆಟ್, ಆಲ್ಬುಮಿನ್, ಪಿಟಿ-ಐಎನ್‌ಆರ್, ಹೊಟ್ಟೆಯ ಸ್ಕ್ಯಾನಿಂಗ್, ಬೇಕೆಂದರೆ ಫೈಬ್ರೋಸ್ಕ್ಯಾನ್, ಎಲ್ಲವನ್ನೂ ಸೇರಿಸಿ ವೈದ್ಯರು ನೋಡಬೇಕು. ಬರೀ ಕೊಬ್ಬು ತುಂಬಿದ್ದರೆ ಕುಡಿತ ಬಿಟ್ಟ ಕೆಲವೇ ವಾರಗಳಲ್ಲಿ ಇಳಿಯಬಹುದು. ಕಲೆ ಕಟ್ಟಲು ಶುರುವಾಗಿದ್ದರೂ ಬಿಟ್ಟವನಿಗೆ ದಾರಿ ಉಂಟು. ಸಿರೋಸಿಸ್ ಆಗಿದ್ದರೂ ಬಿಟ್ಟವನು ಬಿಡದವನಿಗಿಂತ ಹೆಚ್ಚು ಕಾಲ ಬದುಕುತ್ತಾನೆ. ರಿಪೋರ್ಟಿನಲ್ಲಿ ಏನೇ ಬರಲಿ, ಮುಂದಿನ ಕೆಲಸ ಅದೇ. ಹಾಗಿರುವಾಗ ರಿಪೋರ್ಟಿಗೆ ಹೆದರಿ ಕೂತದ್ದೇನು ಮಾರಾಯಾ?

ಅದಕ್ಕೇ ಹೇಳುವುದು: ಡಾಕ್ಟರ ಹತ್ತಿರ ಕ್ಲೀನ್ ಆಗಿ ಹೋಗಬೇಡ, ಇದ್ದ ಹಾಗೇ ಹೋಗು. ಕುಡಿದದ್ದು, ನುಂಗಿದ್ದು, ಎಳೆದದ್ದು, ಚುಚ್ಚಿಕೊಂಡದ್ದು ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಡಾಕ್ಟರ ಕೈಗೆ ಕೊಡು. ಬಾಯಲ್ಲಿ ಹೇಳಲು ಹೋದರೆ ನೀನೂ ಹಬ್ಬಕ್ಕೆ ಸ್ವಲ್ಪ ಎನ್ನುತ್ತೀ, ನಮ್ಮ ಮನೆಯವರ ನಾಲಗೆ ನನಗೆ ಗೊತ್ತು. ತಲೆನೋವಿಗೆಂದು ಪ್ಯಾರಾಸಿಟಮಾಲ್ ಮೇಲೆ ಪ್ಯಾರಾಸಿಟಮಾಲ್ ನುಂಗುವುದನ್ನು ಇವತ್ತೇ ನಿಲ್ಲಿಸು. ಕಷಾಯವೂ ಸಾಕು. ರಕ್ತ ವಾಂತಿ, ಟಾರಿನಂಥ ಕಪ್ಪು ಮಲ, ಮಾತಿನಲ್ಲಿ ಗೊಂದಲ, ಇದರಲ್ಲಿ ಒಂದು ಕಂಡರೂ ಬೆಳಗಾಗುವುದನ್ನು ಕಾಯಬೇಡಿ, ಸೀದಾ ಆಸ್ಪತ್ರೆಗೆ. ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಕ್ಕೆ ಸೇರುವ ಮನಸ್ಸಿದ್ದರೆ ಸಂತೋಷ, ಮೊದಲು ವೈದ್ಯರು ನೋಡಲಿ. ರಾತ್ರಿ ಮನಸ್ಸು ತಡೆಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡಬಹುದು. ಇಲ್ಲದಿದ್ದರೆ ನನಗೇ ಮಾಡು. ರಾತ್ರಿ ಪಾಳಿ ಮಾಡಿದವಳಿಗೆ ಹೇಗೂ ನಿದ್ದೆ ಬರುವುದಿಲ್ಲ.

ಬೈದದ್ದು ಹೆಚ್ಚಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನನ್ನು ಎತ್ತಿ ಆಡಿಸಿದವಳು ಹೆದರಿದರೆ ಹೀಗೇ ಮಾತಾಡುವುದು. ಒಪಿಡಿ ಸಾಲಿನಲ್ಲಿ ನಿನ್ನ ಜೊತೆ ನಾನು ಕೂರುತ್ತೇನೆ, ಒಳಗೆ ನೀನೊಬ್ಬನೇ ಹೋಗು. ಈ ಸಲ ಹಿಂದೆ ನಿಂತು ಕೈ ಆಡಿಸುವುದಿಲ್ಲ. ಈ ಪತ್ರಕ್ಕೆ ಉತ್ತರ ಬೇಡ. ಸೋಮವಾರವೋ ಮಂಗಳವಾರವೋ, ಅಷ್ಟು ತಿಳಿಸು.

ಇಂತು,
ನಿನ್ನ ದೊಡ್ಡಮ್ಮ
ಮಂಗಳೂರು