ನೆಗಡಿ: ತಿಳಿವಳಿಕೆ ಮತ್ತು ಉಪಚಾರ

ಉಮರಗಾ, ನಿಲಂಗಾ, ಉದಗೀರ ತಾಲೂಕುಗಳಲ್ಲಿ ಮಳೆ ಹಿಡಿದಾಗಲೂ ಮಾಗಿಯ ಚಳಿ ಬಿದ್ದಾಗಲೂ ಶಾಲೆಗಳಲ್ಲಿ ನೆಗಡಿ ಹರಡುವುದುಂಟು. ಮಳೆಯಲ್ಲಿ ನೆನೆದುದೇ ಇದಕ್ಕೆ ಕಾರಣವೆಂದು ಹಲವರ ಎಣಿಕೆ. ಆದರೆ ನೆಗಡಿಯನ್ನು ತರುವವು ವೈರಾಣುಗಳು. ಅಂಥವು 200ಕ್ಕೂ ಹೆಚ್ಚಿವೆ. ಮುಚ್ಚಿದ ಕೋಣೆಯಲ್ಲಿ ಒತ್ತೊತ್ತಾಗಿ ಕುಳಿತಾಗ ಅವು ಸೀನಿನ ತುಂತುರಿನಿಂದಲೂ ಮೂಗೊರೆಸಿದ ಕೈಯಿಂದಲೂ ಒಬ್ಬರಿಂದ ಒಬ್ಬರಿಗೆ ದಾಟುತ್ತವೆ. ಆದುದರಿಂದ ಕಿಟಕಿಗಳು ತೆರೆದಿರಲಿ. ಸಾಬೂನಿನಿಂದ ಕೈ ತೊಳೆಯುವ ರೂಢಿಯಿರಲಿ.

ಪಾಲಕರು ಅಂಗಡಿಯಿಂದ ಆಂಟಿಬಯಾಟಿಕ್ ಗುಳಿಗೆಗಳನ್ನು ತಂದು ನುಂಗಿಸಬಾರದು. ಅವು ಬ್ಯಾಕ್ಟೀರಿಯಗಳನ್ನು ಕೊಲ್ಲುವವೇ ಹೊರತು ವೈರಾಣುಗಳನ್ನಲ್ಲ. ವಿಶ್ರಾಂತಿ, ಬಿಸಿ ಗಂಜಿ, ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು ಇಷ್ಟೇ ಸಾಕು; ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ನೆಗಡಿ ತಾನಾಗಿ ಇಳಿಯುತ್ತದೆ.

ಎಳೆಯ ಮಕ್ಕಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನೆಗಡಿ ನ್ಯುಮೋನಿಯಕ್ಕೆ ತಿರುಗಿದರೆ ಉಸಿರಾಟ ತ್ವರಿತವಾಗುತ್ತದೆ. ವಿದ್ಯಾರ್ಥಿಗಳೇ, ಮನೆಯಲ್ಲಿ ತಮ್ಮನೋ ತಂಗಿಯೋ ಕೆಮ್ಮುತ್ತಿದ್ದರೆ, ಕೂಸು ಶಾಂತವಾಗಿರುವಾಗ ಗಡಿಯಾರ ನೋಡಿ ಒಂದು ನಿಮಿಷದ ಉಸಿರನ್ನು ಎಣಿಸಿರಿ. 2 ತಿಂಗಳಿಂದ 1 ವರ್ಷದೊಳಗಿನ ಕೂಸಿಗೆ 50, 1ರಿಂದ 5 ವರ್ಷದ ಮಗುವಿಗೆ 40, ಅಥವಾ ಅದಕ್ಕೂ ಹೆಚ್ಚಾದರೆ, ಇಲ್ಲವೇ ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದರೆ, ತಡಮಾಡದೆ ಅಂದೇ ದವಾಖಾನೆಗೆ ಒಯ್ಯಬೇಕು. ವರ್ಗದಲ್ಲಿ ಕಲಿತ ಎಣಿಕೆ ಹೀಗೆ ಒಂದು ಜೀವವನ್ನು ಉಳಿಸಬಲ್ಲುದು.