ಮಾಸು: ಗರ್ಭದಲ್ಲಿ ಕೂಸನ್ನು ಸಾಕುವ ಅವಯವದ ವಿಷಯವಾದ ಪಾಠ

ಒಕ್ಕಲುತನದಿಂದ ಜೀವಿಸುವ ನಮ್ಮ ಸಭೆಯವರಿಗೆ ಮಾಸು ಎಂಬದು ಹೊಸ ಸಂಗತಿಯಲ್ಲ. ಹಸು ಈದ ರಾತ್ರಿ ಮಾಸು ಬಿತ್ತೋ ಇಲ್ಲವೋ ಎಂದು ಯಜಮಾನನು ದೀಪ ಹಿಡಿದು ಎರಡು ಮೂರು ಸಾರಿ ಕೊಟ್ಟಿಗೆಗೆ ಹೋಗಿ ನೋಡುತ್ತಾನೆ. ನಾಯಿ ಎಳೆಯದಂತೆಯೂ ಹಸುವೇ ತಿನ್ನದಂತೆಯೂ ಕಾಯುತ್ತಾನೆ. ಅದನ್ನು ಗೋಣಿಯಲ್ಲಿ ಕಟ್ಟಿ ಆಲದ ಮರಕ್ಕೆ ತೂಗಹಾಕುವವರೂ ಉಂಟು. ಆದರೆ ಮನೆಯ ಹೆಣ್ಣು ಮಗಳು ಹೆತ್ತಾಗ ಬರುವ ಮಾಸನ್ನು ಕುರಿತು ನಾವು ಕೇಳುವದು ಎರಡೇ ಮಾತು: ಬಿತ್ತೇ? ಹೂಳಿದಿರೇ? ಕೆಲವು ಸೀಮೆಗಳಲ್ಲಿ ಅದಕ್ಕೆ ಕಸವೆಂದೇ ಹೆಸರು. ಒಂಬತ್ತು ತಿಂಗಳು ಹಗಲಿರುಳು ಕೂಸಿಗೆ ಉಸಿರನ್ನೂ ಅನ್ನವನ್ನೂ ಕೊಟ್ಟ ಅವಯವಕ್ಕೆ ಈ ಹೆಸರು ತಕ್ಕದ್ದಲ್ಲವೆಂದು ನಾವು ಎಣಿಸುತ್ತೇವೆ. ಅದರ ಕೆಲಸವನ್ನು ತಿಳಿಯದೆ ಇರುವದರಿಂದ ಎಷ್ಟೋ ತಾಯಂದಿರು ನಿಂದೆಗೆ ಒಳಗಾಗಿದ್ದಾರೆ, ಎಷ್ಟೋ ಕೂಸುಗಳು ಬಡಕಲಾಗಿ ಹುಟ್ಟಿವೆ. ಆದಕಾರಣ ಈ ಪಾಠವನ್ನು ಸ್ತ್ರೀಯರ ಕೂಟದಲ್ಲಿ ಮಾತ್ರವಲ್ಲ, ಗಂಡಸರೂ ಅತ್ತೆಯಂದಿರೂ ಕೂಡಿರುವಾಗ ಓದಿಸಬೇಕೆಂದು ಉಪದೇಶಿಗಳನ್ನು ಬೇಡಿಕೊಳ್ಳುತ್ತೇವೆ.

ದಿನ ತುಂಬಿದಾಗ ಮಾಸು ದಪ್ಪ ರೊಟ್ಟಿಯಂತೆ ದುಂಡಗಿದ್ದು, ಸುಮಾರು 20 ಸೆಂಟಿಮೀಟರು ಅಗಲವೂ ಅರ್ಧ ಕಿಲೋ ತೂಕವೂ ಉಳ್ಳದ್ದಾಗಿರುವದು. ಅದರ ಒಂದು ಮೈ ಗರ್ಭಕೋಶದ ಗೋಡೆಗೆ ಅಂಟಿಕೊಂಡಿರುವದು. ಇನ್ನೊಂದು ಮೈಯಿಂದ ಹೊಕ್ಕುಳಬಳ್ಳಿಯು ಹೊರಟು ಕೂಸಿಗೆ ಸೇರುವದು. ಅದು ತಾಯಿಯ ಮಾಂಸವೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಯಾವ ಬೀಜದಿಂದ ಕೂಸು ಆಯಿತೋ ಅದರಿಂದಲೇ ಮಾಸೂ ಬಹುಮಟ್ಟಿಗೆ ಆಗುವದು. ಸಸಿಯು ಭೂಮಿಯಲ್ಲಿ ಬೇರು ಬಿಡುವ ಹಾಗೆ ಅದು ಸಾವಿರಾರು ಸಣ್ಣ ಎಳೆಗಳನ್ನು ತಾಯಿಯ ರಕ್ತದೊಳಗೆ ಇಳಿಬಿಡುವದು. ಈ ಎಳೆಗಳ ಮೈಯನ್ನೆಲ್ಲಾ ಬಿಡಿಸಿ ಹಾಸುವದು ಸಾಧ್ಯವಾದರೆ 11-12 ಚದರ ಮೀಟರು, ಅಂದರೆ ಒಂದು ಸಣ್ಣ ಕೋಣೆಯ ನೆಲದಷ್ಟು ಆಗುವದು.

ತಾಯಿಯ ರಕ್ತವೇ ಕೂಸಿನ ಮೈಯಲ್ಲಿ ಹರಿಯುವದೆಂಬ ಮಾತೂ ಸರಿಯಲ್ಲ. ಲಂಡನ್ ಪಟ್ಟಣದ ವೈದ್ಯನಾದ ವಿಲಿಯಂ ಹಂಟರನೂ ಅವನ ತಮ್ಮನಾದ ಜಾನನೂ ಸತ್ತ ಗರ್ಭಿಣಿಯರ ರಕ್ತನಾಳಗಳಲ್ಲಿ ಬಣ್ಣದ ಮೇಣವನ್ನು ಹಾಯಿಸಿ ನೋಡಿ, ತಾಯಿಯ ರಕ್ತದ ದಾರಿ ಬೇರೆ, ಕೂಸಿನದು ಬೇರೆ ಎಂದು ಕಂಡುಕೊಂಡರು. ವಿಲಿಯಮನು 1774ರಲ್ಲಿ ಇದರ ವಿಷಯವಾಗಿ ಚಿತ್ರಗಳುಳ್ಳ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಎರಡು ರಕ್ತಗಳ ನಡುವೆ ಬಹು ತೆಳುವಾದ ಒಂದು ತೆರೆ ಇದೆ. ಹೆರಿಗೆಯ ಕಾಲ ಸಮೀಪಿಸುವಾಗ ತಾಯಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹರಿದು ಬರುವದು. ಆ ರಕ್ತದಲ್ಲಿನ ಪ್ರಾಣವಾಯು, ಸಕ್ಕರೆ, ಕಬ್ಬಿಣ, ಸುಣ್ಣದ ಸತ್ವ ಮುಂತಾದವು ತೆರೆಯನ್ನು ದಾಟಿ ಹೊಕ್ಕುಳಬಳ್ಳಿಯ ಒಂದು ನಾಳದಿಂದ ಕೂಸಿಗೆ ಸೇರುತ್ತವೆ; ಕೂಸಿನ ಕಲ್ಮಶವು ಇನ್ನೆರಡು ನಾಳಗಳಿಂದ ಹಿಂದಕ್ಕೆ ಬಂದು ತಾಯಿಯ ರಕ್ತಕ್ಕೆ ಸೇರಿ ಆಕೆಯ ಶ್ವಾಸಕೋಶ ಮೂತ್ರಪಿಂಡಗಳಿಂದ ಹೊರಗೆ ಹೋಗುವದು. ಹೀಗೆ ಮಾಸು ಕೂಸಿಗೆ ಶ್ವಾಸಕೋಶವೂ ಕರುಳೂ ಮೂತ್ರಪಿಂಡವೂ ಆಗಿರುವದು. 139ನೇ ಕೀರ್ತನೆಯಲ್ಲಿ ಭಕ್ತನು ತನ್ನನ್ನು ತಾಯಿಯ ಗರ್ಭದಲ್ಲಿ ರೂಪಿಸಿದ ದೇವರನ್ನು ಸ್ತುತಿಸುವಾಗ ಈ ಅವಯವವನ್ನು ಹೆಸರಿಸಲಿಲ್ಲ. ಆದರೂ ಆ ಮರೆಯ ಕೆಲಸದಲ್ಲಿ ಇದಕ್ಕೂ ಪಾಲುಂಟಲ್ಲವೇ?

ಈ ತೆರೆಯು ಕಾವಲುಗಾರನಂತಿದ್ದರೂ ಎಲ್ಲವನ್ನೂ ತಡೆಯಲಾರದು. ಮದ್ಯವೂ ಹೊಗೆಸೊಪ್ಪಿನ ವಿಷವೂ ಅದನ್ನು ದಾಟುವವು. ಬೀಡಿಯ ಹೊಗೆಯಲ್ಲಿಯೂ ಗಾಳಿಯಾಡದ ಅಡಿಗೆಮನೆಯ ಸೌದೆಯ ಹೊಗೆಯಲ್ಲಿಯೂ ಇರುವ ಕೆಟ್ಟ ವಾಯುವು ತಾಯಿಯ ರಕ್ತದಲ್ಲಿ ಪ್ರಾಣವಾಯುವಿನ ಸ್ಥಳವನ್ನು ಹಿಡಿದು, ಕೂಸಿಗೆ ಉಸಿರು ಕಡಿಮೆ ಮಾಡುವದು. ಸಕ್ಕರೆ ರೋಗವುಳ್ಳ ತಾಯಿಯ ಸಕ್ಕರೆ ದಾಟುವದು, ಅದನ್ನು ಅಡಗಿಸುವ ಇನ್ಸುಲಿನು ದಾಟುವದಿಲ್ಲ. ಆದ್ದರಿಂದ ಅಂಥ ಕೂಸು ಅತಿಯಾಗಿ ಕೊಬ್ಬಿ ಹೆರಿಗೆ ಕಷ್ಟವಾಗುವದುಂಟು. ಒಳ್ಳೇದೂ ದಾಟುವದು. ರೋಗವನ್ನು ಎದುರಿಸುವ ಶಕ್ತಿಯು ವಿಶೇಷವಾಗಿ ಕಡೆಯ ಮೂರು ತಿಂಗಳಲ್ಲಿ ತಾಯಿಯಿಂದ ಕೂಸಿಗೆ ಹೋಗುವದು. ಹಸುವಿನಲ್ಲಿ ಹೀಗಿಲ್ಲ, ಕರುವಿಗೆ ಆ ಶಕ್ತಿ ಗಿಣ್ಣುಹಾಲಿನಿಂದಲೇ ಬರಬೇಕು. ಗರ್ಭಿಣಿಗೆ ಧನುರ್ವಾಯುವಿನ ಚುಚ್ಚುಮದ್ದು ಹಾಕಿದರೆ ಹುಟ್ಟುವ ಕೂಸಿಗೂ ರಕ್ಷಣೆಯಾಗುವದು ಈ ದಾರಿಯಿಂದಲೇ.

ಇನ್ನು ನಮ್ಮ ಮನೆಗಳ ಒಂದು ವಾಡಿಕೆಯನ್ನು ಕುರಿತು ಬಿಚ್ಚಿ ಹೇಳಬೇಕಾಗಿದೆ. ಬಸುರಿಯು ಹೊಟ್ಟೆ ತುಂಬ ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುವದು, ಹೊಟ್ಟೆಯಲ್ಲಿ ಅನ್ನ ತುಂಬಿದರೆ ಕೂಸಿಗೆ ಜಾಗವಿರದು ಎಂದು ಹಿರಿಯರು ಹೇಳಿ, ಏಳನೇ ತಿಂಗಳಿಂದ ಊಟವನ್ನು ಕಡಿಮೆ ಮಾಡಿಸುತ್ತಾರೆ. ಕಬ್ಬಿಣದ ಗುಳಿಗೆಗಳನ್ನೂ ಕೂಸು ಕಪ್ಪಾಗುವದೆಂದು ಗೂಡಿನಲ್ಲಿಯೇ ಬಿಡಿಸುತ್ತಾರೆ. ಹಿಂದಿನ ಕಾಲದಲ್ಲಿ ಆಸ್ಪತ್ರೆಯಿಲ್ಲದ ಹಳ್ಳಿಯಲ್ಲಿ ಕೂಸು ಅಡ್ಡಬಿದ್ದು ತಾಯಿ ಸಾಯುವದನ್ನು ಕಂಡವರ ಭಯದಿಂದ ಈ ಮಾತು ಹುಟ್ಟಿರಬಹುದು. ಆ ಅಜ್ಜಿಯರನ್ನು ನಾವು ಹಾಸ್ಯ ಮಾಡುವದಿಲ್ಲ. ಆದರೆ ಅನ್ನದ ಚೀಲ ಬೇರೆ, ಕೂಸಿನ ಚೀಲ ಬೇರೆ. ತಾಯಿಯ ರಕ್ತದಲ್ಲಿ ಸತ್ವ ಕಡಿಮೆಯಾದರೆ ಮಾಸು ಎಲ್ಲಿಂದ ತಂದು ಕೊಡುವದು? ರಕ್ತಹೀನಳಾದ ತಾಯಿಯಲ್ಲಿ ಅದು ತಾನೇ ಹಿಗ್ಗಿ ಕೊರತೆಯನ್ನು ತುಂಬಿಸಲು ಪ್ರಯತ್ನಿಸುವದೂ ಉಂಟು. ಆ ಪ್ರಯತ್ನಕ್ಕೂ ಮೇರೆಯುಂಟು. ಕಡೆಯ ಮೂರು ತಿಂಗಳಲ್ಲಿಯೇ ಕೂಸಿನ ತೂಕ ಬಹಳವಾಗಿ ಏರತಕ್ಕದ್ದು. ಆಗಲೇ ತಾಯಿಯ ತಟ್ಟೆಯಿಂದ ತೆಗೆಯುವದು ಕಾಳು ಕಟ್ಟುವ ಹೊತ್ತಿನಲ್ಲಿ ಪೈರಿಗೆ ನೀರು ನಿಲ್ಲಿಸಿದಂತೆ. ರಾಗಿ, ಬೇಳೆ, ಹುರುಳಿ, ಸೊಪ್ಪು, ಮೊಟ್ಟೆ, ಹಾಲು, ಮೀನು ಇವುಗಳಲ್ಲಿ ಮನೆಗೆ ದೊರಕುವದನ್ನು ಆಕೆಗೆ ಮೊದಲು ಬಡಿಸಬೇಕು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನಲ್ಲ.

ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಕೂಸನ್ನು ವೈದ್ಯರು ಕಡಿಮೆ ತೂಕದ್ದೆಂದು ಎಣಿಸುತ್ತಾರೆ. ಇದರ ಫಲವು ತೊಟ್ಟಿಲಿನಲ್ಲಿಯೇ ಮುಗಿಯುವದಿಲ್ಲವೆಂಬದಕ್ಕೆ ನಮ್ಮ ನಾಡಿನಿಂದಲೇ ಸಾಕ್ಷಿಯುಂಟು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು ವೆಸ್ಲಿಯನ್ ಮಿಶನಿನವರಿಂದ 1906ರಲ್ಲಿ ತೆರೆಯಲ್ಪಟ್ಟಿತು. ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು 1934ರಿಂದ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಬಹುಕಾಲದ ನಂತರ ಪಂಡಿತರು ಆ ಪುಸ್ತಕಗಳನ್ನು ತೆರೆದು, 1934ರಿಂದ 1954ರ ವರೆಗೆ ಅಲ್ಲಿ ಹುಟ್ಟಿ ಇನ್ನೂ ಆಸ್ಪತ್ರೆಯ ಆಸುಪಾಸಿನಲ್ಲಿ ವಾಸಿಸುತ್ತಿದ್ದ 517 ಸ್ತ್ರೀಪುರುಷರನ್ನು ಪರೀಕ್ಷಿಸಿ, ಕಂಡದ್ದನ್ನು 1996ರಲ್ಲಿ ಪ್ರಕಟಿಸಿದರು. ಹುಟ್ಟುವಾಗ ಐದೂವರೆ ಪೌಂಡು, ಅಂದರೆ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿತ್ತು. ಏಳು ಪೌಂಡು ಅಥವಾ ಅದಕ್ಕೂ ಹೆಚ್ಚು ತೂಗಿದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಬಸುರಿನಲ್ಲಿ ತಾಯಿಯೂ ಬಡಕಲಾಗಿದ್ದವರಲ್ಲಿ ಆ ರೋಗವು ಎಲ್ಲರಿಗಿಂತ ಹೆಚ್ಚಾಗಿ ಕಂಡಿತು. ಸಣ್ಣದಾಗಿ ಹುಟ್ಟಿದವರೆಲ್ಲರೂ ರೋಗಿಗಳಾಗುವರೆಂದು ಇದರ ಅರ್ಥವಲ್ಲ. ಊಟ, ಹೊಗೆಸೊಪ್ಪು, ದುಡಿಮೆ ಇವುಗಳಿಗೂ ಪಾಲುಂಟು. ಆದರೆ ಕೂಸನ್ನು ತಕ್ಕಡಿಯಲ್ಲಿಟ್ಟು ಅಂಕಿಯನ್ನು ಬರೆದ ಆ ದಾದಿಯರು ಅರುವತ್ತು ವರ್ಷಗಳ ಮುಂದಿನವರಿಗೆ ಎಂಥ ಉಪಕಾರ ಮಾಡಿದರೆಂದು ನೋಡಿರಿ.

ತಾಯಿ ಚೆನ್ನಾಗಿ ಉಂಡರೂ ಕೂಸು ಬೆಳೆಯದೆ ಇರುವ ಸಂದರ್ಭಗಳುಂಟು. ಮಾಸಿನ ಎಳೆಗಳು ಬೇರೂರುವಾಗ ಗರ್ಭಕೋಶದ ಇಕ್ಕಟ್ಟಾದ ರಕ್ತನಾಳಗಳನ್ನು ಅಗಲಮಾಡಬೇಕು. ಈ ಕೆಲಸವು ಸುಮಾರು 20ನೇ ವಾರದೊಳಗೆ ಮುಗಿಯತಕ್ಕದ್ದು. ಅದು ಅರೆಯಾಗಿ ನಿಂತರೆ, ಕಾಲುವೆಯ ತೂಬು ಪೂರ ತೆರೆಯದ ಗದ್ದೆಯ ಹಾಗೆ, ಮಾಸಿಗೆ ರಕ್ತ ಸಾಲದೆ ಹೋಗುವದು. ಆಗ ಕೂಸು ಸೊರಗುವದು. ಮಾಸಿನಿಂದ ಹೊರಡುವ ದ್ರವ್ಯಗಳು ತಾಯಿಯ ರಕ್ತನಾಳಗಳನ್ನು ಕೆಡಿಸಿ ಆಕೆಯ ರಕ್ತದ ಒತ್ತಡವು 140/90ಕ್ಕೂ ಮೇಲಕ್ಕೆ ಏರುವದು. ಇದನ್ನು ವೈದ್ಯರು ಪ್ರಿಎಕ್ಲಾಂಪ್ಸಿಯ ಎನ್ನುತ್ತಾರೆ. ಮುಖ ಕೈಗಳ ಬಾವು, ಬಿಡದ ತಲೆನೋವು, ಕಣ್ಣು ಮಂಜಾಗುವದು, ಎದೆಗುಂಡಿಗೆಯ ಕೆಳಗೆ ನೋವು ಇವು ಅದರ ಗುರುತುಗಳು. ಅಲಕ್ಷ್ಯ ಮಾಡಿದರೆ ಮೈ ಸೆಟೆದು ಸೆಳವು ಬರುವದು. ಅದನ್ನು ಗಾಳಿ ಸೋಕಿತೆಂದು ಹೇಳಿ ತಾಯಿತ ಕಟ್ಟಿಸುವದಕ್ಕೆ ಓಡುವವರು ನಮ್ಮ ಸಭೆಗಳಲ್ಲಿಯೂ ಇದ್ದಾರೆಂದು ದುಃಖದಿಂದ ಬರೆಯುತ್ತೇವೆ. ಬೇರೆ ಕೆಲವರು ಆ ತಾಯಿಯ ಗುಪ್ತ ಪಾಪವನ್ನು ಹುಡುಕುತ್ತಾರೆ. ರಾಹೇಲಳು ಎಫ್ರಾತದ ದಾರಿಯಲ್ಲಿ ಹೆರಿಗೆಯಲ್ಲಿ ಸತ್ತಳು. ಆದಿಕಾಂಡದ 35ನೇ ಅಧ್ಯಾಯವು ಆ ಮರಣವನ್ನು ಹೇಳುವಾಗ ಆಕೆಯ ಮೇಲೆ ಯಾವ ತಪ್ಪನ್ನೂ ಹೊರಿಸುವದಿಲ್ಲ. ನಾವು ಹೊರಿಸುವದಕ್ಕೆ ಯಾರು?

ಈ ರೋಗವು ಆರಂಭದಲ್ಲಿ ನೋವಿಲ್ಲದೆ ಬರುವದರಿಂದ, ಪ್ರತಿ ಸಾರಿ ರಕ್ತದ ಒತ್ತಡವನ್ನೂ ಮೂತ್ರವನ್ನೂ ಪರೀಕ್ಷಿಸುವದೇ ಅದನ್ನು ಹಿಡಿಯುವ ದಾರಿ. ಐದು ತಿಂಗಳಾಗುವ ತನಕ ಬಸುರನ್ನು ಯಾರಿಗೂ ಹೇಳಬಾರದೆಂಬ ವಾಡಿಕೆಯು ಇಲ್ಲಿ ಬಹಳ ಕೆಡುಕು ಮಾಡುವದು. ಯಾಕಂದರೆ ಮೊದಲ ಬಸುರಿನಲ್ಲಿ ಈ ರೋಗ ಕಂಡವಳಿಗೆ ಮುಂದಿನ ಸಾರಿ ವೈದ್ಯರು ಸಣ್ಣ ಪ್ರಮಾಣದ ಆಸ್ಪಿರಿನ್ ಗುಳಿಗೆಯನ್ನು ಕೊಡುವದುಂಟು. ಅದನ್ನು 16ನೇ ವಾರದೊಳಗೆ ಆರಂಭಿಸಿದರೆ ಒಳ್ಳೇದು. ತಾವಾಗಿ ಕೊಂಡು ನುಂಗಬಾರದು. ಕೂಸಿನ ಆಟವು ಎಂದಿಗಿಂತ ಕಡಿಮೆಯಾಯಿತೆಂದು ತಾಯಿಗೆ ತೋಚಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಉಸಿರು ಸಾಲದ ಕೂಸು ಮೊದಲು ಆಟವನ್ನು ಕಡಿಮೆ ಮಾಡುವದು.

ಕೆಲವು ಸಾರಿ ಮಾಸು ಗರ್ಭಕೋಶದ ಬಾಗಲಿಗೆ ಅಡ್ಡಲಾಗಿ ಕೆಳಗೆ ಕೂತಿರುವದು. ಆಗ ನೋವಿಲ್ಲದೆ ಕೆಂಪು ರಕ್ತ ಹರಿಯುವದು. ಕೆಲವು ಸಾರಿ ಹೆರಿಗೆಗೆ ಮುಂಚೆಯೇ ಗೋಡೆಯಿಂದ ಬಿಟ್ಟುಕೊಳ್ಳುವದು. ಆಗ ಹೊಟ್ಟೆಯು ಕಲ್ಲಿನಂತೆ ಗಟ್ಟಿಯಾಗಿ ತಡೆಯಲಾರದ ನೋವಾಗುವದು, ಹೊರಗೆ ಕಾಣುವ ರಕ್ತ ಸ್ವಲ್ಪವೇ ಇರಬಹುದು. ಎರಡರಲ್ಲಿಯೂ ಮನೆಯಲ್ಲಿ ಯಾರೂ ಕೈ ಹಾಕಿ ನೋಡಬಾರದು, 108ಕ್ಕೆ ಕರೆಮಾಡಿ ಕೂಡಲೆ ಹೊರಡಬೇಕು. ಗಂಡನು ಊರಲ್ಲಿಲ್ಲ, ಮಾವನನ್ನು ಕೇಳಬೇಕು ಎಂದು ಕಾಯುವ ಪ್ರತಿಯೊಂದು ಗಳಿಗೆಯಲ್ಲಿ ಎರಡು ಜೀವಗಳ ರಕ್ತ ಹೋಗುತ್ತಿರುವದು.

ಕೂಸು ಹುಟ್ಟಿದ ಮೇಲೆ ಹೊಕ್ಕುಳಬಳ್ಳಿಯನ್ನು ಕೂಡಲೆ ಕಟ್ಟದೆ ಒಂದರಿಂದ ಮೂರು ನಿಮಿಷ ಬಿಡುವದು ಉತ್ತಮವೆಂದು ಈಗ ತಿಳಿದಿದೆ. ಮಾಸಿನಲ್ಲಿದ್ದ ಕೂಸಿನ ರಕ್ತವು ಕೂಸಿಗೇ ಸೇರಿ ಮುಂದಿನ ತಿಂಗಳುಗಳಿಗೆ ಕಬ್ಬಿಣದ ಸಂಗ್ರಹವಾಗುವದು. ಬಳ್ಳಿಯನ್ನು ಕತ್ತರಿಸುವ ವಿಷಯವು ಯೆಹೆಜ್ಕೇಲನ 16ನೇ ಅಧ್ಯಾಯದಲ್ಲಿಯೂ ಬರುವದೆಂದು ಓದುಗರು ಬಲ್ಲರು. ಕತ್ತರಿಸಿದ ತುದಿಗೆ ಬೂದಿ, ಸೆಗಣಿ, ಎಣ್ಣೆ ಯಾವದನ್ನೂ ಹಚ್ಚಬಾರದು. ಧನುರ್ವಾಯುವಿನಿಂದ ಬಾಣಂತಿಯರೂ ಹಸುಗೂಸುಗಳೂ ಸಾಯುವದು ನಿರ್ಮೂಲದ ಮಟ್ಟಕ್ಕೆ ಇಳಿಯಿತೆಂದು 2015ರಲ್ಲಿ ನಮ್ಮ ದೇಶದ ವಿಷಯವಾಗಿ ಸಾರಲ್ಪಟ್ಟಿತು. ಹಳೇ ವಾಡಿಕೆಯಿಂದ ಅದನ್ನು ತಿರಿಗಿ ಕರೆಯುವದು ಬೇಡ.

ಮಾಸು ಸಾಧಾರಣವಾಗಿ ಅರ್ಧ ತಾಸಿನೊಳಗೆ ಬೀಳುವದು. ಬೀಳದಿದ್ದರೆ ಬಳ್ಳಿಯನ್ನು ಹಿಡಿದು ಎಳೆಯುವದು, ತಾಯಿಯ ಬಾಯಿಗೆ ಕೂದಲು ತುರುಕಿ ಓಕರಿಕೆ ಬರಿಸುವದು, ಹೊಟ್ಟೆ ತುಳಿಯುವದು ಇವೆಲ್ಲಾ ಪ್ರಾಣಕ್ಕೆ ಅಪಾಯ. ಆಸ್ಪತ್ರೆಯಲ್ಲಿ ಚುಚ್ಚುಮದ್ದು ಕೊಟ್ಟು ಗರ್ಭಕೋಶವನ್ನು ಬಿಗಿಯಾಗಿಸಿ ಅದನ್ನು ತೆಗೆಯುತ್ತಾರೆ. ಆ ಮೇಲೆ ದಾದಿಯು ಅದನ್ನು ತಟ್ಟೆಯಲ್ಲಿ ಬಿಡಿಸಿಟ್ಟು, ತಾಯಿಯ ಕಡೆಯ ಮೈಯಲ್ಲಿರುವ 15-20 ಹೋಳುಗಳೆಲ್ಲಾ ಇವೆಯೋ ಎಂದು ಜೋಡಿಸಿ ನೋಡುತ್ತಾಳೆ. ಒಂದು ಹೋಳು ಒಳಗೆ ಉಳಿದರೆ ರಕ್ತ ನಿಲ್ಲದು. ಮನೆಗೆ ಬಂದ ಮೇಲೆ ರಕ್ತ ಹೆಚ್ಚಾದರೆ, ಗಡ್ಡೆಗಳು ಬಿದ್ದರೆ, ದುರ್ವಾಸನೆಯೋ ಜ್ವರವೋ ಕಂಡರೆ, ಬಾಣಂತಿಯ ಸ್ನಾನದ ದಿನವನ್ನಾಗಲಿ ಬರುವ ಆದಿತ್ಯವಾರದ ಆರಾಧನೆಯನ್ನಾಗಲಿ ಕಾಯದೆ ಅದೇ ತಾಸಿನಲ್ಲಿ ಆಕೆಯನ್ನು ಆಸ್ಪತ್ರೆಗೆ ಹಿಂದಕ್ಕೆ ಕರಕೊಂಡು ಹೋಗಿರಿ.