ಪಹಣಿಯಲ್ಲಿದ್ದ ಹೆಸರು, ಪಾಲಿಗ್ರಾಫಿನ ಕುರ್ಚಿ

ಅಮೆರಿಕದಲ್ಲಿ ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕಾದ ಕೆಲಸಕ್ಕೆ ಹೊರಟ ಕನ್ನಡದವರು, ಅದರಲ್ಲೂ ಊರಲ್ಲಿ ತೋಟ-ಗದ್ದೆ ಇರುವ ಮನೆಯವರು, ಇದನ್ನು ಪೂರ್ತಿ ಓದಿ. ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಮೇರಿಲ್ಯಾಂಡಿನ ಆ ಕಿಟಕಿಯಿಲ್ಲದ ಕೋಣೆಯಲ್ಲಿ ಸುಳ್ಳುಗಾತಿ ಅನ್ನಿಸಿಕೊಂಡು ಕೂರಬೇಕಾಗುತ್ತಿರಲಿಲ್ಲ.

ಎಸ್‌ಎಫ್-86 ಎಂಬ ಕ್ಲಿಯರೆನ್ಸ್ ಫಾರ್ಮ್ ನೂರು ಪುಟ ದಾಟುತ್ತದೆ. ಎಲ್ಲೆಲ್ಲಿ ವಾಸವಿದ್ದಿರಿ, ಯಾವ ಯಾವ ದೇಶಕ್ಕೆ ಹೋಗಿಬಂದಿರಿ, ಹೊರದೇಶದ ಯಾರ ಜೊತೆ ಒಡನಾಟವಿದೆ, ಅಲ್ಲಿ ಆಸ್ತಿ ಇದೆಯೇ, ಎಲ್ಲ ಬರೆಯಬೇಕು. ಅಮ್ಮ, ಅಣ್ಣ, ಅತ್ತಿಗೆಯಿಂದ ಹಿಡಿದು ಕಾಲೇಜು ಗೆಳತಿಯರವರೆಗೆ ಎಲ್ಲರ ಹೆಸರು ಬರೆದೆ. ಆಸ್ತಿಯ ಕಾಲಮಿನಲ್ಲಿ 'ಇಲ್ಲ' ಎಂದೆ. ಅವತ್ತು ನನಗೆ ಗೊತ್ತಿದ್ದ ಸತ್ಯ ಅಷ್ಟೇ.

ಅಪ್ಪ ತೀರಿಕೊಂಡ ಮೇಲೆ ಚಿಕ್ಕಪ್ಪ ತಾಲ್ಲೂಕು ಕಚೇರಿಗೆ ಓಡಾಡಿ ತೀರ್ಥಹಳ್ಳಿ ಕಡೆಯ ನಮ್ಮ ತೋಟಕ್ಕೆ ಪೌತಿ ಖಾತೆ ಮಾಡಿಸಿದ್ದರು. ಪಹಣಿಯಲ್ಲಿ ಅಮ್ಮ, ಅಣ್ಣನ ಜೊತೆ ನನ್ನ ಹೆಸರೂ ಏರಿತ್ತು. ಮಗಳಿಗೂ ಪಾಲಿದೆ, ಹೆಸರು ಸೇರಲೇಬೇಕು. ಆಮೇಲೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡರಾಯಿತು ಎಂಬುದು ಅವರ ಲೆಕ್ಕ. ನನಗೆ ಒಂದು ಮಾತು ತಿಳಿಸಲಿಲ್ಲ. 'ಅಮೆರಿಕದಲ್ಲಿರೋಳಿಗೆ ಇದೆಲ್ಲ ಯಾಕೆ' ಅಂದರಂತೆ. ಫಾರ್ಮ್ ಕಳಿಸಿ ಎಷ್ಟೋ ಕಾಲವಾದ ಮೇಲೆ, ಸಹಿಗೆಂದು ಫೋನ್ ಬಂದಾಗ ಗೊತ್ತಾಯಿತು. ಮರುದಿನವೇ ಕಂಪನಿಯ ಸೆಕ್ಯುರಿಟಿ ಅಧಿಕಾರಿಗೆ ಬರೆದೆ. ಹಿನ್ನೆಲೆ ವಿಚಾರಣೆಗೆ ಬಂದ ತನಿಖಾಧಿಕಾರಿಗೂ ಪಹಣಿಯ ಪ್ರತಿ ಕೊಟ್ಟೆ. ಅವರು ಎಲ್ಲ ಬರೆದುಕೊಂಡು ಹೋದರು.

ಆಮೇಲಿನದು ಪಾಲಿಗ್ರಾಫ್, ಅಂದರೆ ಸುಳ್ಳುಪತ್ತೆ ಪರೀಕ್ಷೆ. ಆ ದಿನ ಎದೆಗೂ ಹೊಟ್ಟೆಗೂ ಒಂದೊಂದು ಕೊಳವೆ ಸುತ್ತಿದರು. ತೋಳಿಗೆ ಬಿಪಿ ಪಟ್ಟಿ, ಬೆರಳುಗಳಿಗೆ ಲೋಹದ ತಗಡು, ಕುರ್ಚಿಯ ಮೇಲೆ ಅಲುಗಾಟ ಹಿಡಿಯುವ ಮೆತ್ತೆ. ಯಂತ್ರ ಅಳೆಯುವುದು ಉಸಿರು, ರಕ್ತದೊತ್ತಡ, ಬೆವರು, ಅಲುಗಾಟ, ಇಷ್ಟನ್ನೇ. ಸುಳ್ಳನ್ನು ಹಿಡಿಯುವ ತಂತಿ ಅದರಲ್ಲಿ ಒಂದೂ ಇಲ್ಲ. ಪ್ರಶ್ನೆಗಳನ್ನು ಮೊದಲೇ ಓದಿ ಹೇಳುತ್ತಾರೆ. ಗೂಢಚಾರಿಕೆ, ವಿಧ್ವಂಸಕ ಕೃತ್ಯ, ರಹಸ್ಯ ದಾಖಲೆ ಹೊರಗೆ ಕೊಡುವುದು, ಇವಕ್ಕೆಲ್ಲ 'ಇಲ್ಲ' ಅನ್ನುವಾಗ ನಾನು ನಿರಾಳವಾಗಿದ್ದೆ. ಆಮೇಲೆ ಬಂತು: 'ಫಾರ್ಮಿನಲ್ಲಿ ಬೇಕೆಂದೇ ಏನನ್ನಾದರೂ ಮುಚ್ಚಿಟ್ಟಿದ್ದೀರಾ?'

'ಇಲ್ಲ' ಅಂದೆ. ಅನ್ನುವಾಗಲೇ ಚಿಕ್ಕಪ್ಪನ ಮುಖ ಕಣ್ಣಮುಂದೆ ಬಂತು. ಪಟ್ಟಿಯೊಳಗೆ ನಾಡಿ ಹೊಡೆದುಕೊಳ್ಳುತ್ತಿತ್ತು. ಕೈ ಜೋಮು ಹಿಡಿದು ಬೆರಳ ತುದಿ ನೇರಳೆಗೆ ತಿರುಗಿತ್ತು. ಅದೇ ಪ್ರಶ್ನೆ ಇನ್ನೊಮ್ಮೆ ಬಂತು, ಮತ್ತೊಮ್ಮೆ ಬಂತು.

ಪರೀಕ್ಷಕರು ಪಟ್ಟಿಯ ಗಾಳಿ ಬಿಟ್ಟು, ಕುರ್ಚಿ ಎಳೆದುಕೊಂಡು ನನ್ನ ಮೊಣಕಾಲಿನ ಹತ್ತಿರಕ್ಕೇ ಬಂದು ಕೂತರು. 'ಒಂದು ಪ್ರಶ್ನೆಯಲ್ಲಿ ತೊಂದರೆಯಿದೆ. ಯಾವುದು ಅಂತ ನಿಮಗೆ ಗೊತ್ತು.' ತೋಟದ ಕಥೆ ಹೇಳಿದೆ. 'ಅದು ಫೈಲಿನಲ್ಲಿದೆ. ಅದಲ್ಲ, ಇನ್ನೇನೋ ಇದೆ.' ಇನ್ನೇನೂ ಇಲ್ಲ ಎಂದೆ. ಅವರು ಮಾತಾಡದೆ ನನ್ನನ್ನೇ ನೋಡುತ್ತ ಕೂತರು. ಆ ಮೌನ ತಡೆಯಲಾಗದೆ ತಲೆ ಓಡತೊಡಗಿತು: ಅಮ್ಮ ಕೊಟ್ಟ ಬಂಗಾರದ ಬಳೆ ಹೇಳಲೇ, ಅಣ್ಣನ ಮಗಳ ಫೀಸಿಗೆ ಕಳಿಸಿದ ದುಡ್ಡು ಹೇಳಲೇ? ಕೇಳಿದ್ದಕ್ಕೆ ಸಂಬಂಧವೇ ಇಲ್ಲದ್ದನ್ನು ತಪ್ಪೊಪ್ಪಿಗೆಯ ಧಾಟಿಯಲ್ಲಿ ಹೇಳಿಬಿಡುವ ಹಂತಕ್ಕೆ ಬಂದಿದ್ದೆ. 'ನಿಮ್ಮ ಕಡೆಯವರು ಮನೆಯವರನ್ನು ಕಾಪಾಡಲು ನೋಡುತ್ತೀರಿ, ನನಗೆ ಅರ್ಥವಾಗುತ್ತದೆ' ಅಂದರು. ಆ ಮಾತು ಇವತ್ತಿಗೂ ಮುಳ್ಳಿನಂತೆ ಚುಚ್ಚುತ್ತದೆ. ಭಾರತದ ಪಾಸ್‌ಪೋರ್ಟ್ ಒಪ್ಪಿಸಿದವಳು, ಈ ದೇಶಕ್ಕೆ ಪ್ರಮಾಣ ಮಾಡಿದವಳು ನಾನು. ಕಣ್ಣಲ್ಲಿ ನೀರು ಬಂತು, ಆದರೆ ಮಾತು ಬದಲಿಸಲಿಲ್ಲ. 'ಹೇಳಬೇಕಾದ್ದೆಲ್ಲ ಹೇಳಿದ್ದೇನೆ' ಎಂದಷ್ಟೇ ಅಂದೆ.

ಫಲಿತಾಂಶ 'ಅನಿರ್ಣೀತ' ಅಂತ ಬಂತು. ಮತ್ತೆ ಕರೆಯುವವರೆಗೆ ನಿದ್ದೆಯಿಲ್ಲದೆ ಸಿಕ್ಕಿದ್ದೆಲ್ಲ ಓದಿದೆ. ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್‌ಗೆ ಸೇರಿದ ರಿಸರ್ಚ್ ಕೌನ್ಸಿಲ್ 2003ರಲ್ಲೇ ಲೆಕ್ಕ ಹಾಕಿ ತೋರಿಸಿದೆ: 10,000 ನೌಕರರಲ್ಲಿ 10 ಗೂಢಚಾರರಿದ್ದಾರೆ ಎಂದುಕೊಂಡರೆ, ಅವರಲ್ಲಿ 8 ಜನರನ್ನು ಹಿಡಿಯುವಷ್ಟು ಬಿಗಿ ಮಾಡಿದಾಗ ಸುಮಾರು 1,600 ನಿರಪರಾಧಿಗಳೂ ಜೊತೆಗೆ ಸಿಕ್ಕಿಬೀಳುತ್ತಾರೆ. ಆ 1,600ರಲ್ಲಿ ನಾನೂ ಒಬ್ಬಳು ಅನ್ನಿಸಿತು. ಇನ್ನೊಂದು ಕಡೆ, ಸಿಐಎಯ ಆಲ್ಡ್ರಿಚ್ ಏಮ್ಸ್ ರಷ್ಯನ್ನರಿಗೆ ರಹಸ್ಯ ಮಾರುತ್ತಲೇ 1986 ಮತ್ತು 1991ರ ಪಾಲಿಗ್ರಾಫ್ ಎರಡನ್ನೂ ದಾಟಿದ್ದ. 1988ರ ಕಾನೂನು ಬಹುತೇಕ ಖಾಸಗಿ ಕಂಪನಿಗಳಿಗೆ ಈ ಪರೀಕ್ಷೆ ನಿಷೇಧಿಸಿದೆ. ಸರ್ಕಾರಕ್ಕೆ ವಿನಾಯಿತಿಯಿದೆ. ನಮ್ಮ ಕಡೆ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಒಪ್ಪಿಗೆಯಿಲ್ಲದೆ ಆರೋಪಿಗೂ ಪಾಲಿಗ್ರಾಫ್ ಮಾಡುವ ಹಾಗಿಲ್ಲ ಎಂದಿತು. ಇಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಹಾಕದಿದ್ದರೆ ಕೆಲಸವಿಲ್ಲ.

ಮುಂದಿನ ಸಲ ಇದ್ದವರು ಬೇರೆ ಪರೀಕ್ಷಕಿ. ಯಂತ್ರ ಕಟ್ಟುವ ಮೊದಲೇ ತೋಟದ ವಿಷಯ ಪೂರ್ತಿ ಕೇಳಿ, ಪ್ರಶ್ನೆಯನ್ನೇ ತಿದ್ದಿದರು: 'ನಾವೀಗ ಮಾತಾಡಿದ್ದನ್ನು ಬಿಟ್ಟು, ಬೇರೇನಾದರೂ ಮುಚ್ಚಿಟ್ಟಿದ್ದೀರಾ?' ಇಷ್ಟೇ ವ್ಯತ್ಯಾಸ. ಗೆರೆಗಳು ಶಾಂತವಾದವು, ಕ್ಲಿಯರೆನ್ಸ್ ಬಂತು. ಮೊದಲನೆಯವರು ಆ ನಾಲ್ಕು ಮಾತು ಸೇರಿಸಿದ್ದರೆ ನಾನು ಅಷ್ಟೆಲ್ಲ ಅನುಭವಿಸಬೇಕಿರಲಿಲ್ಲ. ಅದು ಅವರು ಕಲಿತ ಕೆಲಸ, ಮಾಡಬೇಕಿತ್ತು.

ಹಾಗಾಗಿ ಹೇಳುತ್ತೇನೆ. ಮನಸ್ಸಿನಲ್ಲಿ ಕೊರೆಯುವುದು ಏನೇ ಇದ್ದರೂ ಯಂತ್ರ ಕಟ್ಟುವ ಮೊದಲು ಹೇಳಿ, 'ಇದನ್ನು ಬಿಟ್ಟು' ಎಂದು ಪ್ರಶ್ನೆ ತಿದ್ದಲು ಕೇಳಿ. ಉಸಿರು ಹಿಡಿಯುವ, ಬಿಡುವ ಉಪಾಯಗಳ ಗೋಜಿಗೆ ಹೋಗಬೇಡಿ. ಅದನ್ನೇ ಮೋಸ ಅನ್ನುತ್ತಾರೆ. ಹಿಂದಿನ ರಾತ್ರಿ ನಿದ್ದೆ ಮಾಡಿ, ದಿನದ ಮಾತ್ರೆ ಬಿಡಬೇಡಿ. ಪರೀಕ್ಷಕರು ಸುಮ್ಮನೆ ಕೂತರೆ ನೀವೂ ಸುಮ್ಮನೆ ಕೂರಿ. ಫಾರ್ಮ್ ತುಂಬುವ ಮೊದಲು ಭೂಮಿ ಪೋರ್ಟಲ್‌ನಲ್ಲಿ ಸರ್ವೆ ನಂಬರ್ ಹಾಕಿ ನಿಮ್ಮ ಮನೆಯ ಪಹಣಿ ತೆಗೆದು ನೋಡಿ.

ಊರಿನಲ್ಲಿರುವ ಹಿರಿಯರಿಗೂ ಒಂದು ಮಾತು. ಹೊರದೇಶದಲ್ಲಿರುವ ಹೆಣ್ಣುಮಕ್ಕಳ ಹೆಸರು ಕಾಗದಕ್ಕೆ ಏರಿಸುವಾಗ ಒಂದು ಫೋನ್ ಮಾಡಿ. ಚಿಕ್ಕಪ್ಪ ಇವತ್ತಿಗೂ ಇದನ್ನು ಸಣ್ಣ ವಿಷಯ ಅನ್ನುತ್ತಾರೆ, ಸಹಿ ಯಾವಾಗ ಎಂದು ಕೇಳುತ್ತಾರೆ. ಅಮೆರಿಕ ಸರ್ಕಾರದ ಮುಂದೆ ನನ್ನದೆಂದು ಬರೆದುಕೊಟ್ಟಿರುವ ಪಾಲು ಅದು. ವಕೀಲರಿಂದ ಕಾಗದ ಓದಿಸದೆ ಸಹಿ ಹಾಕುವುದಿಲ್ಲ ಎಂದು ಅವರಿಗೆ ಹೇಳಿದ್ದೇನೆ.